ನಿಂತಾಗ ನಡುಗುವ ಗಾಡಿ

ನಮ್ಮ ಕಾರು ಓಡುವಾಗ ಸರಿಯಾಗಿಯೇ ಓಡುತ್ತಿತ್ತು. ನಿಂತಾಗ ನಡುಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಲ್ಲಿಸಿ ಗೇರು ತೆಗೆದರೆ ಸ್ಟೀರಿಂಗು ಕೈಯಲ್ಲಿ ಚಳಿಜ್ವರ ಬಂದವರ ಹಾಗೆ ಅದುರುತ್ತಿತ್ತು. ಎರಡು ಬಡಿತ ಸಮ, ಆಮೇಲೆ ಒಂದು ಇಲ್ಲ, ಮತ್ತೆ ಒಂದು, ಮತ್ತೆ ಇಲ್ಲ. ಎ.ಸಿ. ಹಾಕಿದರೆ ನಡುಕ ಇನ್ನೂ ಹೆಚ್ಚು. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿದರೆ ಸುಮ್ಮನಾಗುತ್ತಿತ್ತು. ಆದ್ದರಿಂದ ನಾನು ಒತ್ತಿ ಹಿಡಿಯುತ್ತಿದ್ದೆ. ಆರು ತಿಂಗಳು ಹಾಗೆಯೇ ಕಳೆದೆ.

ಅದು ಎಂಬತ್ತೊಂಬತ್ತನೆಯ ಇಸವಿಯ ಗಾಡಿ. ನಮ್ಮ ಕಚೇರಿಯ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ನನಗೆ ಕೊಟ್ಟು ಹೋದದ್ದು. ಎ.ಸಿ. ಅದರೊಂದಿಗೆ ಬಂದದ್ದಲ್ಲ, ನನ್ನ ಹೆಂಡತಿಗೆ ಸೆಕೆ ತಡೆಯುವುದಿಲ್ಲವೆಂದು ಆಮೇಲೆ ಒಬ್ಬ ಫಿಟ್ಟರನಿಂದ ಹಾಕಿಸಿದ್ದು. ನಾನು ಕಾರ್ಖಾನೆಗಳ ತಪಾಸಣೆಯ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದೆ. ಇನ್‌ಸ್ಪೆಕ್ಟರುಗಳು ಜೀಡಿಮೆಟ್ಲಾದ ಕಾರ್ಖಾನೆಗಳಿಗೆ ಹೋಗಿ ನೋಡಿ ಬಂದು ಹೇಳಿದ್ದನ್ನು ನಾನು ಟೈಪು ಮಾಡುತ್ತಿದ್ದೆ. ನಾನು ಯಾವುದನ್ನೂ ಕಣ್ಣಿನಿಂದ ನೋಡಿದವನಲ್ಲ. ಕಾಗದದ ಮೇಲೆ ನೋಡಿದವನು.

ನನ್ನ ಹೆಂಡತಿ ಶಾರದಾಬಾಯಿ ಕಳೆದ ಪುಷ್ಯ ಮಾಸದಲ್ಲಿ ತೀರಿಕೊಂಡಳು. ಗುರುವಾರ ಸಂಜೆ ರಾಯರ ಮಠಕ್ಕೆ ಹೋಗಿ ಬರುತ್ತಿದ್ದೆವು. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹತ್ತಿರ ರಸ್ತೆ ಅಗೆದಿದ್ದರು. ಬಸ್ಸು, ಲಾರಿ, ಆಟೋ ಎಲ್ಲವೂ ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಧೂಳಿಗೆ ಹೆದರಿ ಹಿಂದಿನ ಗಾಜುಗಳನ್ನು ಏರಿಸಿ ಎ.ಸಿ. ಹಾಕಿದೆ. ಅವಳು ತಲೆ ನೋಯುತ್ತದೆ ಎಂದು ಹಿಂದಿನ ಸೀಟಿನಲ್ಲಿ ಮಗ್ಗುಲಾದಳು. ನಿದ್ದೆ ಹತ್ತಿತು ಎಂದು ನಾನು ಮಾತನಾಡಿಸಲಿಲ್ಲ. ಮನೆಯ ಮುಂದೆ ಬಂದು ಎಬ್ಬಿಸಿದರೆ ಏಳಲಿಲ್ಲ. ಡಾಕ್ಟರು ಹೃದಯ ನಿಂತಿದೆ ಎಂದರು. ಅವಳಿಗೆ ಮೊದಲಿನಿಂದ ರಕ್ತದೊತ್ತಡ ಇತ್ತು. ಯಾರೂ ಹೆಚ್ಚು ಕೇಳಲಿಲ್ಲ. ನೋಡಲು ಬಂದ ಹೆಂಗಸರು, ಗುರುವಾರ ಹೋದಳು, ರಾಯರ ದರ್ಶನ ಮಾಡಿ ಹೋದಳು, ಮುತ್ತೈದೆಯಾಗಿ ಹೋದಳು ಎಂದರು. ಮುಖದ ಮೇಲಿನ ಕಳೆ ನೋಡಿರಿ, ಕೆನ್ನೆ ಕೆಂಪಗಿದೆ, ಜೀವ ಹೋದವರ ಮುಖ ಹೀಗಿರುತ್ತದೆಯೇ ಎಂದು ಒಬ್ಬರಿಗೊಬ್ಬರು ತೋರಿಸಿದರು. ನಾನೂ ನೋಡಿದೆ. ಹೌದು, ಕಳೆ ಇತ್ತು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಹದಿಮೂರು ದಿನಗಳನ್ನು ದಾಟಿದೆ.

ಆಮೇಲೆ ಮಗಳು ದೀಪಾಲಿ ನನ್ನ ಹತ್ತಿರ ಬಂದು ಉಳಿದಳು. ಅವಳೂ ಅಳಿಯ ಆಶಿಷನೂ ಕೊಂಡಾಪುರದ ಕಡೆ ಕಂಪ್ಯೂಟರ್ ಕಂಪನಿಗಳಲ್ಲಿದ್ದರು. ಅವನಿಗೆ ಆಗ ರಾತ್ರಿ ಪಾಳಿ. ಮದುವೆಯಾಗಿ ಆರು ವರ್ಷ, ಎರಡು ಸಲ ಗರ್ಭ ನಿಂತು ಇಳಿದುಹೋಗಿತ್ತು. ಇದು ಮೂರನೆಯದು. ಕಂಪನಿಯ ಬಸ್ಸು ಕುಲುಕುತ್ತದೆ, ಬೇಡ ಎಂದು ಡಾಕ್ಟರಮ್ಮ ಹೇಳಿದ ಮೇಲೆ ನಾನೇ ದಿನವೂ ಅವಳನ್ನು ಕಾರಿನಲ್ಲಿ ಬಿಟ್ಟು ಬರುತ್ತಿದ್ದೆ. ಒಂದೊಂದು ಸಲ ಒಂದೂವರೆ ತಾಸು ಹಿಡಿಯುತ್ತಿತ್ತು. ಆ ಕಡೆ ದಿನಕ್ಕೊಂದು ಹೊಸ ಕಟ್ಟಡ ಏಳುತ್ತಿತ್ತು, ದಿನಕ್ಕೊಂದು ರಸ್ತೆ ಬಂದಾಗುತ್ತಿತ್ತು. ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಮಗಳಿಗೆ ತಲೆನೋವು ಶುರುವಾಯಿತು. ಇಳಿದ ಕೂಡಲೇ ವಾಂತಿ. ಎಲ್ಲರೂ ಬಸಿರಿನಲ್ಲಿ ಇದು ಇದ್ದದ್ದೇ ಎಂದರು. ಏಳನೆಯ ತಿಂಗಳಲ್ಲಿ ಒಂದು ದಿನ ಆಫೀಸಿನ ಲಿಫ್ಟಿನಲ್ಲಿ ಕಣ್ಣು ಕತ್ತಲೆ ಬಂದು ಕುಸಿದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಕೂಸು ಬೆಳೆಯಬೇಕಾದಷ್ಟು ಬೆಳೆದಿಲ್ಲ, ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅಂದಿನಿಂದ ನಾನು ದಿನಕ್ಕೆ ನೂರೆಂಟು ಪ್ರದಕ್ಷಿಣೆಯ ಸಂಕಲ್ಪ ಮಾಡಿದೆ. ಕಾರನ್ನು ಇನ್ನೂ ಮೆಲ್ಲಗೆ ನಡೆಸಿದೆ.

ವೈಶಾಖದ ಒಂದು ಶನಿವಾರ ಹನ್ನೊಂದಕ್ಕೆ ಡಾಕ್ಟರಮ್ಮನ ಹತ್ತಿರ ಹೋಗಬೇಕಾಗಿತ್ತು. ಮನೆಯಿಂದ ಹೊರಟು ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಗಾಡಿ ಮೂರು ಸಲ ನಿಂತಿತು. ಮೂರನೆಯ ಸಲ ಹಿಂದಿನ ಬಸ್ಸು ಒಂದು ಗೇಣು ದೂರಕ್ಕೆ ಬಂದು ಬ್ರೇಕು ಹಾಕಿತು. ಮಗಳು ಹೊಟ್ಟೆ ಹಿಡಿದುಕೊಂಡಳು. ಇನ್ನು ತಡ ಮಾಡಬಾರದೆಂದು ಹುಸೇನಪ್ಪನ ಕಡೆ ತಿರುಗಿಸಿದೆ. ಆಗ ಒಂಬತ್ತೂವರೆ.

ಹುಸೇನಪ್ಪ ಲಿಂಗಸುಗೂರು ಕಡೆಯವನು. ಕಟ್ಟಡದ ಕೆಲಸಕ್ಕೆಂದು ಊರು ಬಿಟ್ಟು ಬಂದು, ಕಲ್ಲು ಹೊತ್ತು, ಲಾರಿಗೆ ಕ್ಲೀನರಾಗಿ, ಆಮೇಲೆ ಮೆಕ್ಯಾನಿಕ್ ಆದವನು. ಒಂದು ಬೇವಿನ ಮರ, ಅದರ ಕೆಳಗೆ ಒಂದು ಹೊರಸು, ಒಂದು ಕಬ್ಬಿಣದ ಪೆಟ್ಟಿಗೆ. ಬೋರ್ಡು ಕೂಡ ಇರಲಿಲ್ಲ. ಅವನ ಹೆಂಡತಿ ಹಂಪಮ್ಮ ಪಕ್ಕದಲ್ಲಿಯೇ ಒಲೆ ಹೂಡಿ ರೊಟ್ಟಿ ಸುಟ್ಟು ಕೂಲಿಯವರಿಗೆ ಮಾರುತ್ತಿದ್ದಳು. ನಮ್ಮ ಕಾಲೊನಿಯವರು ಅವನ ಕಿವಿ ದೊಡ್ಡದು ಎನ್ನುತ್ತಿದ್ದರು. ಅವನು ಮೊದಲು ಕೈ ಹಚ್ಚುತ್ತಿರಲಿಲ್ಲ. ಕೇಳುತ್ತಿದ್ದ.

ಅಂದೂ ಹಾಗೆಯೇ ಮಾಡಿದ. ಎಂಜಿನ್ ಬಂದ್ ಮಾಡಬೇಡಿ ಎಂದು ಕೈಸನ್ನೆ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತ. ಎ.ಸಿ. ಹಾಕಿಸಿದ, ತೆಗೆಸಿದ, ಮತ್ತೆ ಹಾಕಿಸಿದ.

“ರಾಯರ, ಇದು ಒಂದಿನದ ಬ್ಯಾನಿ ಅಲ್ರಿ,” ಎಂದ. “ಭಾಳ ದಿನದ್ದು. ನೀವು ಎಕ್ಸಲೇಟರ್ ಒತ್ತಿ ಬಾಯಿ ಮುಚ್ಚಿಸಿಗೋತ ಬಂದೀರಿ.”

ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದೆ. ಅರ್ಧ ತಾಸು ಎಂದ. ನಿಂತಾಗ ಬರುವ ರೋಗವನ್ನು ನಿಲ್ಲಿಸಿಯೇ ನೋಡಬೇಕು, ಎ.ಸಿ. ಹಾಕಿದಾಗ ಬರುವುದನ್ನು ಎ.ಸಿ. ಹಾಕಿಯೇ ನೋಡಬೇಕು ಎಂದ.

ಮಗಳು ತಾನು ಇಳಿದು ಬೇವಿನ ಕೆಳಗೆ ಹೊರಸಿನ ಮೇಲೆ ಕೂಡುತ್ತೇನೆ ಎಂದಳು. ನಾನು ಬೇಡ ಎಂದೆ. ರಸ್ತೆಯ ಅಂಚಿನಲ್ಲಿ ಫುಟ್‌ಪಾತಿಗೆ ಕಲ್ಲು ಕೊಯ್ಯುತ್ತಿದ್ದರು. ಬಿಳಿ ಧೂಳು ಬೇವಿನ ಎಲೆಯ ಮೇಲೆ ಕೂತಿತ್ತು. ಈ ಸ್ಥಿತಿಯಲ್ಲಿ ಧೂಳು ಒಳಗೆ ಹೋಗಬಾರದು, ಒಳಗೆ ತಂಪಿದೆ, ಗಾಜು ಏರಿಸಿಕೊಂಡು ಮಲಗು ಎಂದೆ. ಅವಳು ನನ್ನ ಮಾತು ಕೇಳುವವಳು. ಕಾಲು ಚಾಚಿ ಹಿಂದಿನ ಸೀಟಿನಲ್ಲಿ ಒರಗಿದಳು. ನಾನು ನನ್ನ ಕಡೆಯ ಗಾಜನ್ನೂ ಪೂರ್ತಿ ಏರಿಸಿ, ಬಾಗಿಲು ಹಾಕಿ, ಮುಂದೆ ಬಂದು ಹುಸೇನಪ್ಪನ ಪಕ್ಕದಲ್ಲಿ ನಿಂತೆ. ನಡೆಸುವಾಗ ನನ್ನ ಗಾಜು ಯಾವಾಗಲೂ ನಾಲ್ಕು ಬೆರಳು ಇಳಿದಿರುತ್ತಿತ್ತು. ಕೈ ತೋರಿಸಿ ತಿರುಗುವುದು ನನ್ನ ಹಳೆಯ ರೂಢಿ. ಅಂದು ಅದನ್ನೂ ಏರಿಸಿದೆ.

ಹುಸೇನಪ್ಪ ಎರಡು ನಿಮಿಷ ಎಂಜಿನ್ ನಿಲ್ಲಿಸಿ ಪ್ಲಗ್ಗುಗಳನ್ನು ಬಿಚ್ಚಿದ. ನಾಲ್ಕೂ ಒಲೆಯಿಂದ ತೆಗೆದ ಕೊಳ್ಳಿಯ ಹಾಗೆ ಕಪ್ಪಗಿದ್ದವು. ಬೆರಳಿನಿಂದ ಮಸಿ ಒರೆಸಿ ಮೂಸಿ ನೋಡಿದ. ತಿಕ್ಕಿ ಹಾಕಿ ಮತ್ತೆ ಶುರು ಮಾಡಿದ. ನಡುಕ ಹಾಗೆಯೇ ಇತ್ತು. ಒಂದೊಂದೇ ಪ್ಲಗ್ಗಿನ ವೈರು ಕಿತ್ತು ಕಿತ್ತು ಹಾಕಿದ. ಕೆಟ್ಟದ್ದು ಒಂದೇ ಆಗಿದ್ದರೆ ಅದರ ವೈರು ಕಿತ್ತಾಗ ಸದ್ದು ಬದಲಾಗುವುದಿಲ್ಲ. ಹಾಗೆ ಹಿಡಿಯಬಹುದು ಎಂದು ನನಗೆ ತಿಳಿಸಿ ಹೇಳಿದ. ಆದರೆ ಪ್ರತಿ ಸಲವೂ ಸದ್ದು ಒಂದೇ ರೀತಿ ಕುಸಿಯಿತು.

“ಒಂದರ ತಪ್ಪಲ್ರಿ ಇದು. ನಾಲ್ಕೂ ಕೂಡೇ ಅಳಾಕತ್ತಾವ. ಅಂದ್ರ ಉಣಿಸೋದರಾಗ ಏನೋ ಐತಿ. ಪೆಟ್ರೋಲ್ ಹೆಚ್ಚಾಗೇತಿ, ಇಲ್ಲಾ ಗಾಳಿ ಕಡಿಮಿ ಆಗೇತಿ.”

ಹಾಗೆಂದು ಅವನು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಮೇಲೆ ಕೂತಿದ್ದ ಏರ್ ಫಿಲ್ಟರಿನ ದುಂಡು ಮುಚ್ಚಳಕ್ಕೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ.

“ಅದನ್ನ ತೆಗೀಬ್ಯಾಡ. ಅದನ್ನ ನಾನ ತೊಳದು ಹಾಕೀನಿ. ಬ್ಯಾರೆ ಎಲ್ಲಾ ನೋಡು.”

“ಯಾವಾಗ ತೊಳದೀರಿ?”

“ದಸರಾಕ್ಕ.”

“ದಸರಾದಾಗ ತೊಳದದ್ದು ವೈಶಾಖದಾಗ ನೋಡಬಾರದೇನ್ರಿ? ಅದರಾಗ ಬಂಗಾರ ಇಟ್ಟೀರೇನ್ ಮತ್ತ?”

ನಾನು ನಗಲಿಲ್ಲ. ಅವನೂ ನಗು ನಿಲ್ಲಿಸಿದ.

ಅದರಲ್ಲಿ ಏನಿತ್ತೆಂದು ಇಲ್ಲಿ ಹೇಳಬೇಕು. ವಿಜಯದಶಮಿಯ ದಿನ ನಾನು ಆ ಮುಚ್ಚಳ ತೆಗೆದು ಫಿಲ್ಟರು ತೊಳೆಯುತ್ತಿದ್ದಾಗ ಶಾರದಾಬಾಯಿ ಸ್ನಾನ ಮಾಡಿ ಮಡಿಯಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಮಂತ್ರಾಲಯದಿಂದ ತಂದ ಮಂತ್ರಾಕ್ಷತೆ, ಹಳದಿ ಬಟ್ಟೆಯ ಚೂರಿನಲ್ಲಿ ಕಟ್ಟಿದ್ದು. ಗಾಡಿಯಲ್ಲಿ ಇಡಬೇಕು, ಆದರೆ ಎಲ್ಲಿ? ಅಕ್ಷತೆಯನ್ನು ತುಳಿಯಬಾರದು, ಗಾಡಿಯ ಒಳಗೆ ಎಲ್ಲಿ ನೋಡಿದರೂ ಕಾಲು, ಚಪ್ಪಲಿ. ನಾನು ಆ ದುಂಡು ಡಬ್ಬಿಯ ನಡುವನ್ನು ತೋರಿಸಿದೆ. ಗಾಡಿ ಉಸಿರಾಡುವುದು ಇಲ್ಲಿಂದ, ಪ್ರತಿ ಉಸಿರೂ ರಾಯರ ಅಕ್ಷತೆ ಮುಟ್ಟಿಕೊಂಡು ಒಳಗೆ ಹೋಗಲಿ ಎಂದೆ. ಅವಳಿಗೆ ಆ ಮಾತು ಬಹಳ ಹಿಡಿಸಿತು. ಗಂಟನ್ನು ಕಣ್ಣಿಗೆ ಒತ್ತಿಕೊಂಡು ತಾನೇ ಒಳಗಿಟ್ಟಳು. ನಾನು ಮುಚ್ಚಳ ತಿರುಗಿಸಿದೆ.

ಅವಳು ಹೋದ ಮೇಲೆ ಅವಳು ಕಟ್ಟಿದ ಗಂಟು ಎಂದು ನನಗೆ ಉಳಿದದ್ದು ಅದೊಂದೇ. ಹುಸೇನಪ್ಪನಿಗಿಂತ ಮುಂಚೆ ಗಾಡಿ ನೋಡಿದ್ದ ಎರಡು ಗ್ಯಾರೇಜಿನವರಿಗೂ ಅದನ್ನು ಮುಟ್ಟಬೇಡಿ ಎಂದೇ ಹೇಳಿದ್ದೆ. ಅವರು ಪ್ಲಗ್ಗು ಬದಲಿಸಿದರು, ಆಯಿಲ್ ಬದಲಿಸಿದರು, ಕಳಿಸಿದರು. ಹುಸೇನಪ್ಪನಿಗೆ ಅಕ್ಷತೆಯ ವಿಷಯ ಹೇಳಿದೆ. ನಿನ್ನ ಕೈ ಎಣ್ಣೆಯದು, ನಾನು ನಾಳೆ ಸ್ನಾನ ಮಾಡಿ ತೆಗೆಯುತ್ತೇನೆ ಎಂದೆ. ಕೈ ಎಣ್ಣೆಯದು ಎಂಬುದು ನಾನು ಹೇಳಿದ ಕಾರಣ. ಕೈ ಯಾರದು ಎಂಬುದು ಹೇಳದ ಕಾರಣ. ಅವನಿಗೆ ಎರಡೂ ತಿಳಿದವು.

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಆಗಲಿ, ಬೇರೆ ನೋಡೋಣ ಎಂದ. ನಾನು ಗಡಿಯಾರ ನೋಡಿದೆ. ಒಂಬತ್ತು ಐವತ್ತು.

ಅಷ್ಟರಲ್ಲಿ ಹಂಪಮ್ಮ ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ತಂದಳು. ಬಸುರಿ ಹೆಂಗಸು ಮನೆ ಮುಂದೆ ಬಂದರೆ ಬಾಯಿಗೆ ಏನಾದರೂ ಕೊಡದೆ ಕಳಿಸುವುದಿಲ್ಲ ಎಂದು ಹೇಳುತ್ತಾ ಹಿಂದಿನ ಗಾಜು ತಟ್ಟಿದಳು. ಮಗಳು ಗಾಜು ಇಳಿಸಿ ತೆಗೆದುಕೊಂಡು ಅರ್ಧ ಕುಡಿದಳು. ತಲೆ ಸಿಡಿಯುತ್ತಿದೆ ಎಂದಳು. ಪೆಟ್ರೋಲಿನ ವಾಸನೆ ಬರುತ್ತದೆಯೇ ಎಂದು ನಾನು ಕೇಳಿದೆ. ಪಚ್ಚಕರ್ಪೂರದ ವಾಸನೆಯೊಂದೇ ಬರುತ್ತದೆ ಎಂದಳು. ಪೆಟ್ರೋಲಿನ ವಾಸನೆ ಅವಳಿಗೆ ತಟ್ಟಬಾರದೆಂದು ನಾನೇ ಕರ್ಪೂರವನ್ನು ಚೀಟಿಯಲ್ಲಿ ಕಟ್ಟಿ ಹಿಂದಿನ ಸೀಟಿನ ಮೇಲೆ ತೂಗುಹಾಕಿದ್ದೆ. ಧೂಳು ಬರುತ್ತದೆ ಎಂದು ಅವಳು ಮತ್ತೆ ಗಾಜು ಏರಿಸಿದಳು.

ಹುಸೇನಪ್ಪ ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟು ನೋಡಿದ. ವೈರುಗಳನ್ನು ನೋಡಿದ. ಒಂದು ಸಣ್ಣ ಸ್ಕ್ರೂ ತಿರುಗಿಸಿ ವೇಗ ಏರಿಸಿದ, ಇಳಿಸಿದ. ಏರಿಸಿದಾಗ ನಡುಕ ಅಡಗುತ್ತಿತ್ತು. ಇಷ್ಟಕ್ಕೇ ಬಿಟ್ಟುಬಿಡು, ನಮಗೆ ಹೊತ್ತಾಯಿತು ಎಂದೆ.

“ಬಿಡಬಹುದ್ರಿ. ಎಲ್ಲಾರೂ ಹಂಗ ಬಿಡ್ತಾರ. ಆದ್ರ ಅದು ರೋಗ ಮುಚ್ಚಿದಂಗ ಆಗ್ತೈತಿ, ತೆಗದಂಗ ಆಗಂಗಿಲ್ಲ.”

ಅವನು ಹಂಪಮ್ಮನ ರೊಟ್ಟಿ ಸುತ್ತುವ ಹಳೆಯ ಪತ್ರಿಕೆಯಿಂದ ಒಂದು ಚೂರು ಹರಿದುಕೊಂಡು ಗಾಡಿಯ ಹಿಂದಕ್ಕೆ ಹೋದ. ಸೈಲೆನ್ಸರಿನ ಬಾಯಿಗೆ ಕಾಗದ ಹಿಡಿದ. ಎಂಜಿನ್ ಸರಿ ಇದ್ದರೆ ಕಾಗದ ಒಂದೇ ಸಮ ಹಾರಬೇಕು. ಅದು ಹಾರಲೇ ಇಲ್ಲ. ಒಮ್ಮೆ ಅಲುಗಿ ತೂಗಿ ಬಿತ್ತು. ಅವನು ಅಂಗೈ ಹಿಡಿದು ನೋಡಿದ. ಆಮೇಲೆ ನನ್ನ ಕಡೆ ನೋಡದೆ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ ಮೆಲ್ಲಗೆ ಹೇಳಿದ.

“ಎಂಜಿನ್ ಇಷ್ಟು ಕರೀ ಹೊಗಿ ಉಗಳಾಕತ್ತೈತಿ. ಹೊಗಿ ಇಲ್ಲಿಗೆ ಬರವಲ್ದು. ಮತ್ತ ಎಲ್ಲಿ ಹೋಗಾಕತ್ತೈತಿ?”

ನನಗೆ ಆ ಪ್ರಶ್ನೆ ತಾಗಲಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ. ಹತ್ತು ಗಂಟೆ ಎಂಟು ನಿಮಿಷ. ಅವನು ಒಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ಸರಿದ. ಕಾಲುಗಳಷ್ಟೇ ಹೊರಗೆ ಉಳಿದವು. ಎಂಜಿನ್ನು ನಡುಗುತ್ತಲೇ ಇತ್ತು. ಕಲ್ಲು ಕೊಯ್ಯುವ ಯಂತ್ರ ಒಮ್ಮೆ ನಿಂತಾಗ ಅದರ ಸದ್ದು ಸ್ಪಷ್ಟವಾಗಿ ಕೇಳಿತು. ಎರಡು ಬಡಿತ, ಒಂದು ಇಲ್ಲ. ಬಾನೆಟ್ಟಿನ ಮುಂದೆ ಕೈ ಕಟ್ಟಿ ನಿಂತು ನಾನು ರಾಯರ ನಾಮ ಹೇಳಿಕೊಳ್ಳುತ್ತಿದ್ದೆ. ಕೂಸು ಬೆಳೆದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಹಂಪಮ್ಮ ಲೋಟ ಒಯ್ಯಲು ಬಂದಳು. ಗಾಜು ತಟ್ಟಿದಳು. ಒಳಗೆ ಬಗ್ಗಿ ನೋಡಿ ನನ್ನ ಹತ್ತಿರ ಬಂದು, ಅಕ್ಕಾರು ಮಲಗಿದ್ದಾರೆ ಎಂದಳು. ಮಲಗಲಿ, ರಾತ್ರಿಯೆಲ್ಲ ನಿದ್ದೆ ಇಲ್ಲ, ಎಬ್ಬಿಸಬೇಡ ಎಂದೆ. ಅವಳು ಎರಡು ಹೆಜ್ಜೆ ಹೋಗಿ ತಿರುಗಿದಳು.

“ಮುಖ ಏನ್ ಕಳೀರಿ ಅವ್ರದು. ಗಲ್ಲ ಎಷ್ಟ್ ಕೆಂಪಗಾಗ್ಯಾವು. ಥೇಟ್ ಗೌರವ್ವ ಮಲಗಿದಂಗ ಕಾಣ್ತಾರ.”

ಕಳೆ ಎಂಬ ಮಾತು ಕೇಳಿದಾಗ ನನಗೆ ಮೊದಲು ಸಂತೋಷವೇ ಆಯಿತು. ಅದು ಒಂದು ಕ್ಷಣ ಇರಬಹುದು. ಮರುಕ್ಷಣ ನನ್ನ ಹೆಂಡತಿಯ ಮುಖ ಎದುರಿಗೆ ಬಂದಿತು; ಪಡಸಾಲೆಯಲ್ಲಿ ಮಲಗಿಸಿದ್ದು, ಹೆಂಗಸರು ಬೆರಳು ಮಾಡಿ ತೋರಿಸಿದ್ದು. ಅದರ ಹಿಂದೆಯೇ, ಕರೆಯದೆ, ಒಂದು ಕಾಗದ ಬಂದಿತು. ಎಷ್ಟೋ ವರ್ಷಗಳ ಹಿಂದೆ ನಾನೇ ಟೈಪು ಮಾಡಿದ್ದು. ಜೀಡಿಮೆಟ್ಲಾದ ಒಂದು ಕಾರ್ಖಾನೆಯ ಬಾಯ್ಲರಿನ ಮನೆಯಲ್ಲಿ ಹೊಗೆಯ ವಿಷಕ್ಕೆ ಇಬ್ಬರು ಸತ್ತಿದ್ದರು. ಮೃತರ ಮುಖಗಳು ಕೆಂಪೇರಿದ್ದವು. ನಿದ್ರೆ ಮಾಡುತ್ತಿದ್ದಾರೆಂದು ತಿಳಿದು ಜೊತೆಗಾರರು ಎಬ್ಬಿಸಲಿಲ್ಲ. ಮೂರು ಪ್ರತಿ, ನಡುವೆ ಕಾರ್ಬನ್ ಕಾಗದ.

ಗಾಡಿಯ ಅಡಿಯಿಂದ ಹುಸೇನಪ್ಪನ ದನಿ ಬಂದಿತು. ಅವನು ಕೂಗಲಿಲ್ಲ.

“ರಾಯರ, ಹಿಂದ ಯಾರ್ ಕುಂತಾರ?”

ಅಕ್ಕಾರು ಮಲಗಿದ್ದಾರೆ ಎಂದು ಹಂಪಮ್ಮ ಹೇಳಿದಳು. ಅವನು ಮೊಣಕೈ ಊರಿ ಹೊರಗೆ ಬಂದ; ಬರುವಾಗ ಹಣೆಗೆ ಕಬ್ಬಿಣ ಬಡಿದು ರಕ್ತ ಬಂದದ್ದು ಅವನಿಗೆ ತಿಳಿಯಲಿಲ್ಲ. ಒಂದು ಕೈಯಿಂದ ಎಂಜಿನ್ನಿನ ವೈರು ಕಿತ್ತ. ಸದ್ದು ನಿಂತಿತು. ನಾನು ಹಿಂದಿನ ಬಾಗಿಲು ತೆಗೆದೆ. ತಂಪು ಗಾಳಿ ಮತ್ತು ಪಚ್ಚಕರ್ಪೂರದ ವಾಸನೆ ಹೊರಗೆ ಬಂದವು. ಮಗಳ ತಲೆ ನನ್ನ ತೋಳಿನ ಮೇಲೆ ಬಿತ್ತು. ಕರೆದೆ. ಕೆನ್ನೆ ತಟ್ಟಿದೆ. ಕೆನ್ನೆ ಬೆಚ್ಚಗಿತ್ತು.

“ನೀವು ಸರೀರಿ,” ಎಂದ ಹುಸೇನಪ್ಪ. ಅವನು ಆ ಎಣ್ಣೆಯ ಕೈಗಳಿಂದಲೇ ಅವಳನ್ನು ಎತ್ತಿದ. ಹೊರಸಿನ ಮೇಲೆ ಮಲಗಿಸಲಿಲ್ಲ. ನೇರವಾಗಿ ರಸ್ತೆಗೆ ನಡೆದು ಒಂದು ಆಟೋಕ್ಕೆ ಅಡ್ಡ ನಿಂತ. ಹಂಪಮ್ಮ ಮೊದಲು ಹತ್ತಿ ತೊಡೆ ಕೊಟ್ಟಳು, ಹುಸೇನಪ್ಪ ಡ್ರೈವರಿನ ಪಕ್ಕ ಕೂತ. ದಾರಿಯುದ್ದಕ್ಕೂ ಅವಳು ಮಗಳ ಬಾಯಿಯ ಮುಂದೆ ಅಂಗೈ ಹಿಡಿದುಕೊಂಡು, ಉಸುರು ಐತ್ರಿ, ಐತ್ರಿ ಎಂದು ನನಗೆ ಹೇಳುತ್ತಲೇ ಇದ್ದಳು. ನಾನು ಜಪ ಮಾಡಲು ನೋಡಿದೆ. ಆ ಕಾಗದದ ಸಾಲುಗಳೇ ಬಂದವು.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮ ಬಸಿರಿನ ನಂಜಿರಬೇಕೆಂದು ಅದರ ಔಷಧಕ್ಕೆ ಹೇಳುತ್ತಿದ್ದರು. ಬಾಗಿಲ ಹೊರಗಿನಿಂದ ಹುಸೇನಪ್ಪ ತೆಲುಗಿನಲ್ಲಿ, ಅದಲ್ಲಮ್ಮ, ಗಾಡಿಯ ಹೊಗೆ ಒಳಗೆ ತುಂಬಿತ್ತು ಎಂದ. ಅವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೇನೂ ಕೇಳದೆ ಆಮ್ಲಜನಕ ಹಾಕಿಸಿದರು. ಆಮೇಲೆ ಹೊಟ್ಟೆಯ ಮೇಲೆ ಒಂದು ಯಂತ್ರವಿಟ್ಟು ಕೂಸಿನ ಎದೆಬಡಿತ ಹುಡುಕಿದರು. ಅಲ್ಲಿ ಇಟ್ಟರು, ಇಲ್ಲಿ ಇಟ್ಟರು. ಬರೀ ಗಾಳಿಯ ಹಾಗೆ ಸದ್ದು. ಬಹಳ ಹೊತ್ತಿನ ಮೇಲೆ ಸಿಕ್ಕಿತು. ನಿಧಾನವಿದೆ ಎಂದರು. ತಾಯಿಯ ಉಸಿರಿನಲ್ಲಿ ಈ ವಿಷ ಸೇರಿದರೆ ತಾಯಿಗಿಂತ ಕೂಸಿಗೆ ಹೆಚ್ಚು ತಟ್ಟುತ್ತದೆ, ಇಂದೇ ಏನೂ ಹೇಳಲಾಗದು ಎಂದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಮಾತು ಮುಗಿಸಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಮಗಳು ಕಣ್ಣು ಬಿಟ್ಟಳು. ಆಶಿಷ್ ಬಂದಿದ್ದ. ಹುಸೇನಪ್ಪ ಆಗಲೂ ಗೋಡೆಗೆ ಒರಗಿ ನಿಂತೇ ಇದ್ದ; ಕುರ್ಚಿಗೆ ಎಣ್ಣೆ ಹತ್ತುತ್ತದೆ ಎಂದು ಕೂತಿರಲಿಲ್ಲ. ಅವಳು ಕಣ್ಣು ಬಿಟ್ಟದ್ದು ಕೇಳಿ ಅವನು, ಸಂಜೆಗೆ ಒಂದು ಸಲ ಅಂಗಡಿಗೆ ಬರಬೇಕು ಎಂದು ನನಗೆ ಹೇಳಿ ಹೋದ.

ಹೋದೆ. ಗಾಡಿ ಬೆಳಿಗ್ಗೆ ನಿಂತಲ್ಲಿಯೇ ನಿಂತಿತ್ತು. ಅವನು ಫಿಲ್ಟರಿನ ಮುಚ್ಚಳ ತೆಗೆದಿರಲಿಲ್ಲ.

“ನಾ ಮುಟ್ಟಿಲ್ರಿ. ನೀವ ತೆಗೀರಿ,” ಎಂದ.

ನಾನು ಸ್ನಾನ ಮಾಡಿರಲಿಲ್ಲ, ಊಟ ಮಾಡಿರಲಿಲ್ಲ. ತೆಗೆದೆ. ಹಳದಿ ಗಂಟು ಇಟ್ಟ ಜಾಗದಿಂದ ಸರಿದು ಕಾರ್ಬೊರೇಟರಿನ ಬಾಯಿಯ ಮೇಲೆ ಕೂತಿತ್ತು. ಎಂಜಿನ್ನು ಅದನ್ನು ಎಳೆದು ಎಳೆದು ಬಾಯಿಗೆ ಬಿರಡೆಯ ಹಾಗೆ ಮಾಡಿಕೊಂಡಿತ್ತು. ಬಟ್ಟೆ ಕಪ್ಪಾಗಿತ್ತು, ಅಕ್ಷತೆ ಪೆಟ್ರೋಲಿನ ಹಸಿಗೆ ಉಂಡೆಗಟ್ಟಿತ್ತು. ಗಂಟು ಮಾತ್ರ ಬಿಚ್ಚಿರಲಿಲ್ಲ.

ಹುಸೇನಪ್ಪ ಮೂರು ಮಾತಿನಲ್ಲಿ ತಿಳಿಸಿದ. ಗಾಳಿ ಕಟ್ಟಿದ್ದರಿಂದ ಪೆಟ್ರೋಲು ಅರೆಬರೆ ಉರಿದು ವಿಷದ ಹೊಗೆಯಾಗುತ್ತಿತ್ತು. ಅಡಿಯಲ್ಲಿ ಹೊಗೆಯ ಕೊಳವೆ ಕೂಡಿಸಿದಲ್ಲಿ ತುಕ್ಕು ತಿಂದು ಬಾಯಿ ಬಿಟ್ಟಿತ್ತು. ಅದರ ಮೇಲೆಯೇ, ಎ.ಸಿ. ಹಾಕಿದವನು ಕೊರೆದು ರಬ್ಬರು ಹಾಕದೆ ಬಿಟ್ಟ ತೂತು, ಹಿಂದಿನ ಸೀಟಿನ ಕೆಳಗೆ. ಓಡುವಾಗ ಗಾಳಿಗೆ ಹೊಗೆ ಹಾರಿ ಹೋಗುತ್ತದೆ. ನಿಂತಾಗ ಮೇಲೇರುತ್ತದೆ. ಮುಂದೆ ಕೂತವನ ಗಾಜು ಇಳಿದಿದ್ದರೆ ಅವನಿಗೆ ತಿಳಿಯುವುದಿಲ್ಲ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಇಷ್ಟು ಆಗುತ್ತಿರಲಿಲ್ಲ ಎಂದ. ಯಾವ ಒಂದು ಎಂದು ಅವನು ಹೇಳಲಿಲ್ಲ. ಹರಿಯುವ ನೀರಿಗೆ ಬಿಡಿ ಎಂದು ಗಂಟಿಗೆ ಒಂದು ಮುತ್ತುಗದ ಎಲೆ ಕೊಟ್ಟ.

ಮಗಳಿಗೆ ದಿನ ತುಂಬುವ ಮೊದಲೇ ಆಷಾಢದಲ್ಲಿ ಹೆರಿಗೆಯಾಯಿತು. ಹೆಣ್ಣು. ಹುಟ್ಟಿದಾಗ ಅಳಲಿಲ್ಲ, ಬೆನ್ನು ತಟ್ಟಿದ ಮೇಲೆ ಅತ್ತಿತು. ಬದುಕಿತು. ವರ್ಷ ತುಂಬುವವರೆಗೆ ನೋಡುತ್ತಿರಬೇಕು, ಕತ್ತು ನಿಲ್ಲುವುದು, ಸದ್ದಿಗೆ ತಿರುಗುವುದು ಬರೆದಿಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬರೆದಿಡುತ್ತಿದ್ದೇನೆ. ನನ್ನ ಹೆಂಡತಿಯ ವಿಷಯವನ್ನೂ ಅವರನ್ನು ಕೇಳಿದೆ. ದಹನವಾದ ಮೇಲೆ ಯಾರೂ ಹೇಳಲಾರರು, ಹೃದಯವೂ ಆಗಿರಬಹುದು, ರಕ್ತದೊತ್ತಡ ಇತ್ತಲ್ಲ ಎಂದರು. ಒಳ್ಳೆಯ ಮನುಷ್ಯರು.

ಮಗಳಿಗೆ ನಾನು ಏನೂ ಹೇಳಿರಲಿಲ್ಲ. ಆದರೆ ಅವಳು ನನ್ನ ಮಗಳು, ಅವಳ ತಾಯಿಯ ಮಗಳು. ಭಾದ್ರಪದದಲ್ಲಿ ಒಂದು ದಿನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಾನು ಎದುರಿಗೆ ಕೂತು ತುಳಸಿ ಬಿಡಿಸುತ್ತಿದ್ದೆ. ತಲೆ ಎತ್ತದೆ ಕೇಳಿದಳು.

“ಅಪ್ಪಾ, ಅವತ್ತ ಗಾಡಿ ನಿಂತಿತ್ತಲ್ಲ, ಬಸ್ ಸ್ಟ್ಯಾಂಡ್ ಹತ್ರ. ಅಮ್ಮ ಮಲಗಿ ಎಷ್ಟೊತ್ತಾಗಿತ್ತು?”

ಐವತ್ತೆರಡು ನಿಮಿಷ. ಸಂಧ್ಯಾವಂದನೆಯ ಹೊತ್ತು ಮೀರುತ್ತಿದೆಯೆಂದು ನಾನು ಮತ್ತೆ ಮತ್ತೆ ಗಡಿಯಾರ ನೋಡಿದ್ದೆ. ಮುಂದಿನ ಕನ್ನಡಿಯಲ್ಲಿ ಅವಳ ಕೈಬಳೆ ಕಾಣುತ್ತಿತ್ತು. ಒಂದು ಸಲವೂ ಹಿಂದೆ ತಿರುಗಿರಲಿಲ್ಲ.

“ನಾ ಗಡಿಯಾರ ನೋಡಲಿಲ್ಲವ್ವಾ,” ಎಂದೆ.

ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಕೂಸಿನ ಕೆನ್ನೆಯನ್ನು ಒಂದು ಬೆರಳಿನಿಂದ ಒತ್ತಿ, ಬಣ್ಣ ಹೋಗಿ ಮತ್ತೆ ಬರುವುದನ್ನು ನೋಡುತ್ತ ಕೂತಳು.